ಹಳೆಯ ಆಟೋಮ್ಯಾಟಿಕ್ ಹೋಂಡಾದಲ್ಲಿ ‘ಡಿ’ ದೀಪ ಮಿಣುಕುತ್ತಿದೆಯೇ? ಗೇರ್‌ಬಾಕ್ಸ್ ಇಳಿಸುವ ಮುನ್ನ ಇಷ್ಟು ನೋಡಿ

ಹಳೆಯ ಆಟೋಮ್ಯಾಟಿಕ್ ಹೋಂಡಾಗಳಲ್ಲಿ ಗೇರ್‌ಬಾಕ್ಸಿಗೆಂದೇ ಬೇರೆ ಎಚ್ಚರಿಕೆ ದೀಪ ಇರುವುದಿಲ್ಲ. ಯಾವ ಗೇರಿನಲ್ಲಿದ್ದೀರಿ ಎಂದು ತೋರಿಸುವ ‘ಡಿ’ ಅಥವಾ ‘ಡಿ4’ ಅಕ್ಷರವೇ ಆ ಕೆಲಸವನ್ನೂ ಮಾಡುತ್ತದೆ. ಎಲ್ಲ ಸರಿಯಿದ್ದಾಗ ಅದು ಒಂದೇ ಸಮನೆ ಬೆಳಗಿರುತ್ತದೆ. ಗೇರ್‌ಬಾಕ್ಸನ್ನು ನಡೆಸುವ ಕಂಪ್ಯೂಟರಿಗೆ ಯಾವುದೋ ಲೆಕ್ಕ ತಾಳೆಯಾಗದಿದ್ದಾಗ ಮಿಣುಕತೊಡಗುತ್ತದೆ. ಅದನ್ನು ನೋಡಿ ಗಾಬರಿಯಿಂದ ಗ್ಯಾರೇಜಿಗೆ ಓಡಿದರೆ, ಎಷ್ಟೋ ಕಡೆ ಸ್ಕ್ಯಾನರ್ ಹಚ್ಚುವ ಮೊದಲೇ “ಬಾಕ್ಸ್ ಇಳಿಸಬೇಕು ಸಾರ್” ಎಂಬ ಮಾತು ಬಂದುಬಿಡುತ್ತದೆ.

ಆ ಮಾತಿಗೆ ಒಪ್ಪುವ ಮೊದಲು ಒಂದು ಸಂಗತಿ ತಿಳಿದಿರಲಿ. ಕಂಪ್ಯೂಟರಿಗೆ ಒಳಗಿನ ಕ್ಲಚ್ ಪ್ಲೇಟುಗಳು ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ತಂತಿಗಳಲ್ಲಿ ಬರುವ ವೋಲ್ಟೇಜು, ಒಳಗೆ ಹೋಗುವ ಮತ್ತು ಹೊರಗೆ ಬರುವ ಶಾಫ್ಟುಗಳ ವೇಗ, ಕೆಲವು ಸ್ವಿಚ್ಚುಗಳ ಸ್ಥಿತಿ, ಇಷ್ಟೇ. ಆದ್ದರಿಂದ ದೀಪ ಮಿಣುಕಿತೆಂದರೆ ಆ ಸಂಕೇತಗಳಲ್ಲಿ ಒಂದು ಕೆಟ್ಟಿದೆ ಎಂದಷ್ಟೇ ಅರ್ಥ. ಕೆಟ್ಟಿದ್ದು ಇಲಿ ಕಡಿದ ತಂತಿಯೂ ಇರಬಹುದು, ಸವೆದ ಕ್ಲಚ್ಚೂ ಇರಬಹುದು. ಮೊದಲನೆಯದು ಸಂಜೆಯೊಳಗೆ ಮುಗಿಯುವ ಕೆಲಸ, ಎರಡನೆಯದಕ್ಕೆ ಹಳೆಯ ಗಾಡಿಯ ಬೆಲೆಯ ದೊಡ್ಡ ಪಾಲೇ ಹೋಗಬಹುದು. ಹಾಗಾಗಿ ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗಬೇಕು.

ಇಲ್ಲಿ ಹೇಳುವುದು ಮುಖ್ಯವಾಗಿ ಎರಡು ಬಗೆಯ ಗಾಡಿಗಳಿಗೆ. ಒಂದು, ನಮ್ಮ ರಸ್ತೆಗಳಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿರುವ, 2013ರವರೆಗೆ ಬಂದ ಮೂರನೇ ತಲೆಮಾರಿನ ಹೋಂಡಾ ಸಿಟಿಯ 5 ಗೇರಿನ ಆಟೋಮ್ಯಾಟಿಕ್. ಇನ್ನೊಂದು, ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗ ಹುಡುಗಿಯರು ಮೊದಲ ಕಾರೆಂದು ಕೊಳ್ಳುವ ಹಳೆಯ ಸಿವಿಕ್ ಮತ್ತು ಅಕಾರ್ಡ್. ಹಿಂದಿನ ಸಿಟಿ ಝಡ್‌ಎಕ್ಸ್‌ನ ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಆಟೋಮ್ಯಾಟಿಕ್, ಬೇರೆಯದೇ ಯಂತ್ರ. ಕೋಡ್ (ಕಂಪ್ಯೂಟರ್ ಬರೆದಿಡುವ ದೋಷದ ಸಂಖ್ಯೆ) ಓದುವ ಮತ್ತು ವೈರಿಂಗ್ ನೋಡುವ ಕ್ರಮ ಅದಕ್ಕೂ ಒಗ್ಗುತ್ತದೆ, ಎಣ್ಣೆಯ ಮಾತು ಒಗ್ಗುವುದಿಲ್ಲ.

ಮೊದಲು: ಓಡಿಸಬಹುದೇ, ನಿಲ್ಲಿಸಬೇಕೇ?

ದೀಪ ಮಿಣುಕುತ್ತಿದ್ದರೂ ಗಾಡಿ ಸಲೀಸಾಗಿ ಎಳೆಯುತ್ತಿದ್ದರೆ ಮನೆಗೋ ಗ್ಯಾರೇಜಿಗೋ ನಿಧಾನವಾಗಿ ಹೋಗಬಹುದು. ಗೇರು ಬದಲಾಗದೆ ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿದ್ದರೆ ಅದು ಲಿಂಪ್ ಮೋಡ್: ಕಂಪ್ಯೂಟರ್ ಅನುಮಾನ ಬಂದ ಭಾಗವನ್ನು ಕೈಬಿಟ್ಟು, ಹೆಚ್ಚಿನ ಹಾನಿ ಆಗದಂತೆ ಒಂದು ಗೇರನ್ನು ಹಿಡಿದು ಕೂತಿರುತ್ತದೆ. ಸಮತಟ್ಟು ರಸ್ತೆಯಲ್ಲಿ ಅಲ್ಪ ದೂರ ಸರಿ, ಆಗುಂಬೆ ಘಾಟಿ ಹತ್ತುವುದಕ್ಕಲ್ಲ.

ಈ ಮೂರರಲ್ಲಿ ಒಂದು ಲಕ್ಷಣ ಕಂಡರೂ ಅಲ್ಲೇ ಎಂಜಿನ್ ಆರಿಸಿ. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಕೂಗಿ, ಗಾಡಿ ಮಾತ್ರ ಮುಂದೆ ಹೋಗದಿರುವುದು, ಸೀದ ವಾಸನೆ, ಗಾಡಿಯ ಕೆಳಗೆ ಕೆಂಪು ಎಣ್ಣೆ ತೊಟ್ಟಿಕ್ಕುವುದು. ಜಾರುತ್ತಿರುವ ಕ್ಲಚ್ಚು ಕೆಲವೇ ಕಿಲೋಮೀಟರಿನಲ್ಲಿ ಸುಟ್ಟುಹೋಗುತ್ತದೆ. ಎಳೆದುಕೊಂಡು ಹೋಗಬೇಕಾದರೆ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಹಗ್ಗ ಕಟ್ಟಿ ಎಳೆಯುವುದು ಬೇಡವೇ ಬೇಡ. ಎಂಜಿನ್ ತಿರುಗದಿದ್ದರೆ ಗೇರ್‌ಬಾಕ್ಸಿನ ಪಂಪೂ ತಿರುಗುವುದಿಲ್ಲ, ಚಕ್ರದೊಂದಿಗೆ ತಿರುಗುವ ಭಾಗಗಳಿಗೆ ಎಣ್ಣೆ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ. “ಬ್ಯಾಟರಿ ಟರ್ಮಿನಲ್ ಒಮ್ಮೆ ಬಿಚ್ಚಿ ಹಾಕಿ, ಸರಿಹೋಗುತ್ತೆ” ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಾಗೆ ಮಾಡಿದರೆ ದೀಪ ಆರಬಹುದು, ಜೊತೆಗೆ ಕಂಪ್ಯೂಟರ್ ಬರೆದಿಟ್ಟ ಕೋಡೂ ಅಳಿಸಿಹೋಗುತ್ತದೆ. ಕೋಡ್ ಓದಿ ಬರೆದಿಟ್ಟುಕೊಳ್ಳುವವರೆಗೆ ಬ್ಯಾಟರಿ ಮುಟ್ಟಬೇಡಿ.

ಕೋಡ್ ಓದುವುದು

1996ರಿಂದ ಈಚಿನ ಅಮೆರಿಕದ ಗಾಡಿಗಳಿಗೆಲ್ಲ ಓಬಿಡಿ-2, ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಆದ ಕೋಡ್ ಓದುವ ವ್ಯವಸ್ಥೆ, ಇದೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರಾಯಿತು. ಅಲ್ಲಿನ ದೊಡ್ಡ ಬಿಡಿಭಾಗದ ಅಂಗಡಿಗಳಲ್ಲಿ ಪುಕ್ಕಟೆಯಾಗಿಯೂ ಓದಿಕೊಡುತ್ತಾರೆ. ಭಾರತದಲ್ಲಿ ಕಾರುಗಳಿಗೆ ಓಬಿಡಿ-2 ಕಡ್ಡಾಯವಾದದ್ದು ಏಪ್ರಿಲ್ 2013ರಿಂದ. ಅದಕ್ಕೆ ಹಿಂದಿನ ಗಾಡಿಯಲ್ಲಿ ಸಾಕೆಟ್ ಇದ್ದರೂ ಬ್ಲೂಟೂತಿನ ಅಗ್ಗದ ಸ್ಕ್ಯಾನರಿಗೆ ಅದು ಉತ್ತರಿಸದೇ ಇರಬಹುದು, ಇಲ್ಲವೇ ಎಂಜಿನ್ ಕೋಡ್ ಮಾತ್ರ ಕೊಟ್ಟು ಗೇರ್‌ಬಾಕ್ಸಿನದನ್ನು ಕೊಡದಿರಬಹುದು. “ಕೋಡ್ ಇಲ್ಲ” ಎಂದು ಅಂಥ ಸ್ಕ್ಯಾನರ್ ಹೇಳಿದರೆ ನಂಬಿ ಸುಮ್ಮನಾಗಬೇಡಿ. ಹೋಂಡಾದ ಟ್ರಾನ್ಸ್‌ಮಿಷನ್ ಮಾಡ್ಯೂಲ್ ಓದುವ ಸ್ಕ್ಯಾನರ್ ಇರುವ ಗ್ಯಾರೇಜನ್ನು ಹುಡುಕಿ, ಓದಿಸುವುದಕ್ಕಷ್ಟೇ ಹಣ ಕೊಡಿ. ಪೂರ್ತಿ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ಫ್ರೀಜ್ ಫ್ರೇಮ್ ಇದ್ದರೆ, ಅಂದರೆ ಕೋಡ್ ಬಿದ್ದ ಗಳಿಗೆಯಲ್ಲಿ ಗಾಡಿಯ ವೇಗ, ಆರ್‌ಪಿಎಂ, ಕೂಲಂಟಿನ ಶಾಖ ಎಷ್ಟಿತ್ತೆಂಬ ದಾಖಲೆ ಇದ್ದರೆ, ಅದನ್ನೂ ಬಿಡಬೇಡಿ.

1995 ಮತ್ತು ಹಿಂದಿನ ಹೋಂಡಾಗಳಿಗೆ ಸ್ಕ್ಯಾನರೇ ಬೇಡ. ಡ್ಯಾಶ್‌ಬೋರ್ಡಿನ ಕೆಳಗೆ ಪ್ರಯಾಣಿಕರ ಬದಿಯಲ್ಲಿ, ಎಲ್ಲಿಗೂ ಜೋಡಿಸದ ಎರಡು ಪಿನ್ನಿನ ಸರ್ವೀಸ್ ಕಪ್ಲರ್ ಒಂದಿರುತ್ತದೆ. ಕೀ ಆಫ್ ಇರುವಾಗ ಅದರ ಎರಡೂ ಪಿನ್ನುಗಳನ್ನು ಸಣ್ಣ ತಂತಿಯಿಂದ ಸೇರಿಸಿ, ನಂತರ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಈಗ ‘ಡಿ4’ ದೀಪದ ಮಿಣುಕುಗಳನ್ನು ಎಣಿಸಬೇಕು: ಉದ್ದನೆಯದು ಹತ್ತು, ಗಿಡ್ಡನೆಯದು ಒಂದು. ಒಂದು ಉದ್ದ, ಐದು ಗಿಡ್ಡ ಎಂದರೆ 15. ಇವುಗಳಲ್ಲಿ 1 ಮತ್ತು 2 ಲಾಕಪ್ ಸೊಲೆನಾಯ್ಡ್‌ಗಳು (ಸೊಲೆನಾಯ್ಡ್ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಎಣ್ಣೆಯ ವಾಲ್ವ್), 5 ಮತ್ತು 6 ಗೇರ್ ಪೊಸಿಷನ್ ಸ್ವಿಚ್, 7 ಮತ್ತು 8 ಶಿಫ್ಟ್ ಸೊಲೆನಾಯ್ಡ್‌ಗಳು, 9 ಮತ್ತು 15 ಶಾಫ್ಟಿನ ವೇಗ ಅಳೆಯುವ ಸೆನ್ಸರ್‌ಗಳು. ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಹೊದಿಕೆಯ ತಂತಿ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ, ಅದು ಏರ್‌ಬ್ಯಾಗಿನದು.

ಕೋಡಿನ ಕೊನೆಯ ಅಂಕಿಯನ್ನು ನೋಡಿ

ಹಣ ಉಳಿಯುವುದೂ ಕಳೆಯುವುದೂ ಇಲ್ಲಿಯೇ. ‘ಪಿ0700’ ಬಂದರೆ ಅದರಿಂದ ತೀರ್ಮಾನಿಸಲು ಏನೂ ಇಲ್ಲ; ಗೇರ್‌ಬಾಕ್ಸಿನ ಕಂಪ್ಯೂಟರ್ ತನ್ನ ಬಳಿ ಬೇರೆ ಕೋಡ್ ಇದೆಯೆಂದು ಎಂಜಿನ್ ಕಂಪ್ಯೂಟರಿಗೆ ತಿಳಿಸಿದೆ, ಅಷ್ಟೇ. ಆ ಬೇರೆ ಕೋಡ್ ಯಾವುದೆಂದು ಹುಡುಕಬೇಕು.

ಒಂದೇ ಭಾಗದ ಮೂರು ಕೋಡ್ ತೆಗೆದುಕೊಳ್ಳಿ: ಶಿಫ್ಟ್ ಸೊಲೆನಾಯ್ಡ್ ‘ಎ’ಗೆ ಸಂಬಂಧಿಸಿದ ಪಿ0751, ಪಿ0752, ಪಿ0753. ಕೊನೆಯದು, ಪಿ0753, ವಿದ್ಯುತ್ ದೋಷ. ತಂತಿ ತುಂಡಾಗಿದೆ, ಶಾರ್ಟ್ ಆಗಿದೆ ಅಥವಾ ಸೊಲೆನಾಯ್ಡಿನ ಸುರುಳಿ ಸತ್ತಿದೆ. ಇದನ್ನು ಮಲ್ಟಿಮೀಟರ್ ಹಿಡಿದು ನೀವೇ ಖಚಿತಪಡಿಸಿಕೊಳ್ಳಬಹುದು. ಪಿ0751 ಮತ್ತು ಪಿ0752 ಹಾಗಲ್ಲ: ವಿದ್ಯುತ್ ಸರಿಯಾಗಿ ಹೋಗುತ್ತಿದೆ, ಆದರೆ ವಾಲ್ವ್ ಮುಚ್ಚಿದಲ್ಲೇ ಇಲ್ಲವೇ ತೆರೆದಲ್ಲೇ ಕೂತಿದೆ ಎನ್ನುತ್ತವೆ. ಕಾರಣ ಎಣ್ಣೆಯ ಕೊಳೆ, ಕಡಿಮೆ ಎಣ್ಣೆ, ಸವೆದ ವಾಲ್ವ್ ಬಾಡಿ (ಎಣ್ಣೆಯನ್ನು ಹಂಚುವ ವಾಲ್ವುಗಳಿರುವ ಭಾಗ) ಏನೂ ಆಗಬಹುದು. ಮೂರಕ್ಕೂ “ಸೊಲೆನಾಯ್ಡ್ ಹೋಗಿದೆ, ಬದಲಿಸಿ” ಎಂಬ ಒಂದೇ ಉತ್ತರ ಬಂದರೆ, ಹೇಳಿದವರು ಕೋಡನ್ನು ಪೂರ್ತಿ ಓದಿಲ್ಲ.

ಪಿ0715 ಮತ್ತು ಪಿ0720 ಶಾಫ್ಟಿನ ವೇಗದ ಸೆನ್ಸರುಗಳವು, ಬಹುಪಾಲು ಹೊರಗಿನಿಂದಲೇ ಸರಿಯಾಗುವಂಥವು. ಪಿ0705 ಮತ್ತು ಹೋಂಡಾದ ಸ್ವಂತ ಕೋಡುಗಳಾದ ಪಿ1705, ಪಿ1706 ಗೇರ್ ಪೊಸಿಷನ್ ಸ್ವಿಚ್ಚಿನವು. ಪಿ0740, ಪಿ0741 ಟಾರ್ಕ್ ಕನ್ವರ್ಟರಿನ ಲಾಕಪ್ ಕುರಿತು: ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಟಾರ್ಕ್ ಕನ್ವರ್ಟರ್, ಸಮ ವೇಗದಲ್ಲಿ ಎರಡನ್ನೂ ನೇರವಾಗಿ ಬಿಗಿಯುವುದು ಲಾಕಪ್. ಪಿ0730 ಬಂದರೆ ಮಾತ್ರ ನನಗೂ ಆತಂಕವಾಗುತ್ತದೆ: ಒಳಗೆ ಹೋದ ವೇಗಕ್ಕೂ ಹೊರಗೆ ಬಂದ ವೇಗಕ್ಕೂ ಇರಬೇಕಾದ ಅನುಪಾತ ತಪ್ಪಿದೆ, ಅಂದರೆ ಕ್ಲಚ್ ಜಾರುತ್ತಿರಬಹುದು. ಆಗಲೂ ಒಂದು ಸೆನ್ಸರ್ ಸುಳ್ಳು ಹೇಳುತ್ತಿಲ್ಲವೇ ಎಂದು ಮೊದಲು ನೋಡಲೇಬೇಕು. ಸುಳ್ಳು ವೇಗದಿಂದಲೂ ಅನುಪಾತ ತಪ್ಪುತ್ತದೆ.

ಪಟ್ಟಿಯಲ್ಲಿ ಎಂಜಿನ್ ಕೋಡೂ ಇದ್ದರೆ ಅದನ್ನೇ ಮೊದಲು ಸರಿಪಡಿಸಿ. ಥ್ರಾಟಲ್ ಸೆನ್ಸರ್, ಕೂಲಂಟ್ ಶಾಖದ ಸೆನ್ಸರ್ ಇವೆರಡರ ಮಾತು ಕೇಳಿಯೇ ಗೇರ್‌ಬಾಕ್ಸ್ ಗೇರು ಬದಲಿಸುತ್ತದೆ. ಥರ್ಮೋಸ್ಟಾಟ್ ತೆರೆದೇ ಕೂತು ಎಂಜಿನ್ ಬಿಸಿಯೇರದಿದ್ದರೆ ಲಾಕಪ್ ಹಿಡಿಯುವುದಿಲ್ಲ, ಗೇರ್‌ಬಾಕ್ಸ್ ಮೇಲೆ ಅಪವಾದ ಬರುತ್ತದೆ.

ಬ್ಯಾಟರಿ, ಅರ್ತ್

ಎಂಜಿನ್ ಆರಿಸಿ ಕೆಲವು ತಾಸು ಬಿಟ್ಟು ನೋಡಿದರೆ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ 13.5ರಿಂದ 14.7. ಇದಕ್ಕಿಂತ ಕೆಳಗಿದ್ದರೆ ಉಳಿದ ತಪಾಸಣೆಗೆ ಅರ್ಥವಿಲ್ಲ, ಏಕೆಂದರೆ ವೋಲ್ಟೇಜ್ ಬಿದ್ದಾಗ ಕಂಪ್ಯೂಟರ್ ಸಂಬಂಧವೇ ಇಲ್ಲದ ಕೋಡುಗಳನ್ನು ಹಾಕುತ್ತದೆ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಗೇರ್‌ಬಾಕ್ಸಿಗೂ ಹೋಗುವ ಅರ್ತ್ ತಂತಿಯ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ ಬಿಗಿ ಮಾಡಿ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ನಿಂತ ಗಾಡಿಗಳಲ್ಲಿ ಇದನ್ನು ತಪ್ಪಿಸಲೇಬೇಡಿ.

ಎಣ್ಣೆ

ಎಷ್ಟಿದೆ ಎಂದು ನೋಡುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಮತ್ತು ತಪ್ಪುವುದು ಇಲ್ಲೇ. ಟೊಯೊಟಾದಲ್ಲಿ ಎಂಜಿನ್ ಓಡುತ್ತಿರುವಾಗ ನೋಡಬೇಕು. ಹೋಂಡಾದಲ್ಲಿ ಹಾಗಲ್ಲ: ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಬಿಸಿ ಮಾಡಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಆರಿಸಿ, 60ರಿಂದ 90 ಸೆಕೆಂಡಿನೊಳಗೆ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಎಂಜಿನ್ ಎಣ್ಣೆಯ ಡಿಪ್‌ಸ್ಟಿಕ್ ಬೇರೆ, ಇದು ಬೇರೆ. ಗೇರ್‌ಬಾಕ್ಸಿನದು ಇನ್ನೂ ಕೆಳಗೆ ಇರುತ್ತದೆ.

ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಡಿ. ಕೆಂಪು ಅಥವಾ ನಸುಗಂದು ಇದ್ದರೆ ತೊಂದರೆಯಿಲ್ಲ. ಕಪ್ಪಾಗಿ, ಸೀದ ವಾಸನೆ ಹೊಡೆಯುತ್ತಿದ್ದರೆ ಕ್ಲಚ್ ಬೆಂದಿದೆ. ಹಾಲು ಬೆರೆತಂತೆ ನಸುಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಒಡೆದು ಕೂಲಂಟ್ ಒಳಗೆ ಸೇರಿದೆ. ಆ ಗಾಡಿಯನ್ನು ಇನ್ನೊಂದು ಅಡಿಯೂ ಓಡಿಸಬೇಡಿ, ನೀರು ತಾಗಿದರೆ ಕ್ಲಚ್ ಪ್ಲೇಟಿನ ಹೊದಿಕೆ ಕಿತ್ತುಬರುತ್ತದೆ.

ಬದಲಿಸುವುದಾದರೆ ಹೋಂಡಾದ ಎಟಿಎಫ್ ಡಿಡಬ್ಲ್ಯು-1 ಹಾಕಿ. ಹಳೆಯ ಝಡ್-1ರ ಜಾಗಕ್ಕೆ ಬಂದದ್ದು ಅದೇ. “ಎಲ್ಲಾ ಗಾಡಿಗೂ ಆಗುತ್ತೆ” ಎಂದು ಅಂಗಡಿಯಲ್ಲಿ ಕೊಡುವ ಡಬ್ಬ ಬೇಡ. ಸಿವಿಟಿ ಗಾಡಿಗೆ ಇದನ್ನೂ ಹಾಕಬಾರದು, ಅದರ ಮ್ಯಾನುಯಲ್‌ನಲ್ಲಿ ಬರೆದ ಎಣ್ಣೆಯೇ ಬೇಕು. ಒಂದು ಸಲ ಬಸಿದರೆ ಸುಮಾರು ಎರಡೂವರೆ ಲೀಟರ್ ಮಾತ್ರ ಬರುತ್ತದೆ, ಅರ್ಧಕ್ಕಿಂತ ಹೆಚ್ಚು ಟಾರ್ಕ್ ಕನ್ವರ್ಟರ್ ಮತ್ತು ಒಳದಾರಿಗಳಲ್ಲೇ ಉಳಿಯುತ್ತದೆ. ಆದ್ದರಿಂದ ಬಸಿದು, ತುಂಬಿ, ಸ್ವಲ್ಪ ಓಡಿಸಿ, ಮತ್ತೆ ಬಸಿಯುವುದನ್ನು ಮೂರು ಸಲ ಮಾಡಿದರೆ ಹೆಚ್ಚುಕಡಿಮೆ ನೂರಕ್ಕೆ 80 ಪಾಲು ಹೊಸ ಎಣ್ಣೆಯಾಗುತ್ತದೆ. ಒತ್ತಡದ ಫ್ಲಶಿಂಗ್ ಮಷಿನ್ ಹಳೆಯ ಹೋಂಡಾಕ್ಕೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲೋ ಸುಮ್ಮನೆ ಕೂತಿದ್ದ ಕೊಳೆಯನ್ನು ಎಬ್ಬಿಸಿ ಸಣ್ಣ ವಾಲ್ವುಗಳಿಗೆ ತಳ್ಳುತ್ತದೆ.

ಬಸಿಯುವಾಗ ಡ್ರೇನ್ ಪ್ಲಗ್ಗನ್ನು ತೊಳೆಯಲು ಅವಸರ ಮಾಡಬೇಡಿ. ಅದರ ತುದಿಯಲ್ಲಿ ಅಯಸ್ಕಾಂತವಿದೆ, ಗೇರ್‌ಬಾಕ್ಸಿನ ಆರೋಗ್ಯಪತ್ರ ಅಲ್ಲಿ ಅಂಟಿಕೊಂಡಿರುತ್ತದೆ. ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಕಾಡಿಗೆಯಂತೆ ನುಣ್ಣಗೆ ಜಾರಿ, ಬೆರಳಿಗೆ ಕಪ್ಪು ಬಳಿದರೆ ಅದು ವರ್ಷಗಳ ಸಹಜ ಸವೆತ. ಚುಚ್ಚಿದರೆ, ಬಿಸಿಲಿಗೆ ಹಿಡಿದಾಗ ಮಿಂಚುವ ಚೂರುಗಳಿದ್ದರೆ, ಗೇರೋ ಬೇರಿಂಗೋ ಒಡೆಯುತ್ತಿದೆ. ಮತ್ತೆ ಹಾಕುವಾಗ ಹೊಸ ವಾಷರ್ ಹಾಕಿ 49 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಂ, ಹೆಚ್ಚು ಬಿಗಿದರೆ ಮರೆ (ಥ್ರೆಡ್) ಹೋಗುತ್ತದೆ. ಕೆಳಗೆ ನುಸುಳುವ ಮುನ್ನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟ್ಯಾಂಡ್ ಇಟ್ಟಿರಬೇಕು. ಬರೀ ಜಾಕಿಯನ್ನು ನಂಬಿ ಕೆಳಗೆ ಹೋಗಬಾರದು.

ತಂತಿ ಮತ್ತು ಕಪ್ಲರ್

ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿ ತೆಗೆದರೆ ಗೇರ್‌ಬಾಕ್ಸಿಗೆ ಹೋಗುವ ವೈರಿಂಗ್ ಕಾಣುತ್ತದೆ. ಟಾರ್ಚ್ ಹಿಡಿದು ಉದ್ದಕ್ಕೂ ನೋಡಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಗಾಡಿಗಳಿಗೆ ಇಲಿಯ ಕಾಟ ಸಾಮಾನ್ಯ. ಹಿಕ್ಕೆ, ಚೂರಾದ ಟೇಪು, ತಂತಿಯ ಮೇಲೆ ಜೋಡಿ ಹಲ್ಲಿನ ಗುರುತು ಕಂಡರೆ ಅರ್ಧ ಕೆಲಸ ಮುಗಿಯಿತು. ನಂತರ ಪ್ರತಿ ಕಪ್ಲರನ್ನೂ ಕೊಂಡಿ ಒತ್ತಿ ಬಿಚ್ಚಿ, ತಂತಿ ಹಿಡಿದು ಎಳೆಯಬೇಡಿ. ಒಳಗೆ ಹಸಿರು ಪಾಚಿ ಹಿಡಿದಂತೆ ಕಿಲುಬು, ನೀರು, ಅಥವಾ ಹಿಂದಕ್ಕೆ ಸರಿದ ಪಿನ್ ಇದೆಯೇ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಮತ್ತೆ ಕೂರಿಸಿ. ಮಳೆ ನೀರಿನಲ್ಲಿ ಗಾಡಿ ಓಡಿಸಿದ ಮರುದಿನ ದೀಪ ಬಂದಿದ್ದರೆ ಇಲ್ಲಿಂದಲೇ ಶುರುಮಾಡಿ.

ಮಲ್ಟಿಮೀಟರ್ ಹಿಡಿದು

ಶಿಫ್ಟ್ ಸೊಲೆನಾಯ್ಡಿನ ಕಪ್ಲರ್ ಬಿಚ್ಚಿ, ಗೇರ್‌ಬಾಕ್ಸ್ ಬದಿಯ ಪಿನ್ನಿಗೂ ಬಾಡಿ ಅರ್ತ್‌ಗೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. 12ರಿಂದ 25 ಓಮ್ ಬಂದರೆ ಸುರುಳಿ ಸರಿಯಿದೆ. ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಆ ಪಿನ್ನಿಗೆ ಕ್ಷಣಮಾತ್ರ ತಾಗಿಸಿದರೆ ‘ಟಕ್’ ಎಂದು ಕೇಳಬೇಕು. ರೆಸಿಸ್ಟೆನ್ಸ್ ಸರಿಯಿದ್ದು ಶಬ್ದ ಬರದಿದ್ದರೆ ವಾಲ್ವ್ ಕೊಳೆಯಿಂದ ಸಿಕ್ಕಿಕೊಂಡಿದೆ. ಎಣ್ಣೆಯ ಒತ್ತಡ ಹಿಡಿಯುವ ಲೀನಿಯರ್ ಸೊಲೆನಾಯ್ಡಿನದು ಬೇರೆ ಲೆಕ್ಕ, ಸುಮಾರು 5 ಓಮ್. ಅದಕ್ಕೆ ನೇರ 12 ವೋಲ್ಟ್ ಕೊಡಬೇಡಿ. ಅನೇಕ ಹೋಂಡಾಗಳಲ್ಲಿ ಇದು ಗೇರ್‌ಬಾಕ್ಸಿನ ಹೊರಮೈಯಲ್ಲೇ ಇದೆ, ಕೆಳಗಿನ ಗ್ಯಾಸ್ಕೆಟ್ಟಿನಲ್ಲಿ ಸಣ್ಣ ಜಾಲರಿ ಇರುತ್ತದೆ. ಗೇರ್ ಜರ್ಕ್ ಹೊಡೆಯುತ್ತಿದ್ದರೆ ಬಿಚ್ಚಿ ಜಾಲರಿ ಕಟ್ಟಿದೆಯೇ ನೋಡುವುದು ಲಾಭದ ಕೆಲಸ. ಗ್ಯಾಸ್ಕೆಟ್ ಮಾತ್ರ ಹೊಸದೇ ಹಾಕಬೇಕು.

90ರ ದಶಕದ ಗಾಡಿಗಳಲ್ಲಿ ಎರಡು ತಂತಿಯ ವೇಗದ ಸೆನ್ಸರ್ 400ರಿಂದ 600 ಓಮ್ ತೋರಿಸಬೇಕು. ಮೂರು ತಂತಿಯ ಹೊಸ ಬಗೆಯನ್ನು ಓಮ್‌ನಲ್ಲಿ ಅಳೆಯಲಾಗದು. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ವೇಗದ ಗೆರೆ ನಡುನಡುವೆ ಸೊನ್ನೆಗೆ ಬೀಳುತ್ತದೆಯೇ ನೋಡಬೇಕು.

ಗೇರ್ ಪೊಸಿಷನ್ ಸ್ವಿಚ್ ಕೆಟ್ಟಿದ್ದರೆ ಡ್ಯಾಶ್‌ಬೋರ್ಡಿನ ಮೀಟರೇ ಹೇಳಿಬಿಡುತ್ತದೆ. ಮೀಟರಿನಲ್ಲಿ ಎರಡು ಅಕ್ಷರ ಒಟ್ಟಿಗೆ ಹೊತ್ತುತ್ತವೆ ಅಥವಾ ಒಂದೂ ಹೊತ್ತುವುದಿಲ್ಲ, ‘ಪಿ’ಯಲ್ಲಿ ಸ್ಟಾರ್ಟ್ ಆಗದ ಗಾಡಿ ‘ಎನ್’ನಲ್ಲಿ ಆಗುತ್ತದೆ, ರಿವರ್ಸ್ ಲೈಟ್ ಬರುವುದಿಲ್ಲ. ಲಿವರನ್ನು ತುಸು ಅಲುಗಾಡಿಸಿದಾಗ ಅಕ್ಷರ ಬಂದು ಹೋದರೆ ಅನುಮಾನವೇ ಬೇಡ.

ರಸ್ತೆಯ ಪರೀಕ್ಷೆ

ಜೊತೆಗೊಬ್ಬರನ್ನು ಕೂರಿಸಿಕೊಳ್ಳಿ, ನೀವು ಓಡಿಸಿ, ಅವರು ಬರೆಯಲಿ. ತಣ್ಣಗಿರುವಾಗ ಬ್ರೇಕ್ ಒತ್ತಿ ‘ಎನ್’ನಿಂದ ‘ಡಿ’ಗೆ, ‘ಆರ್’ಗೆ ಹಾಕಿ: ಹಿಡಿಯಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಎಣ್ಣೆ ಅಥವಾ ಒತ್ತಡ ಕಡಿಮೆ. ಮೆಲ್ಲನೆ ವೇಗ ಹೆಚ್ಚಿಸುತ್ತ ಪ್ರತಿ ಗೇರು ಯಾವ ವೇಗಕ್ಕೆ ಬದಲಾಯಿತು, ನಡುವೆ ಆರ್‌ಪಿಎಂ ಎಗರಿತೇ ಎಂದು ಗುರುತಿಸಿ. ಒಂದೇ ಗೇರಿನಲ್ಲಿ ಮಾತ್ರ ಎಗರಿದರೆ ಆ ಗೇರಿನ ಕ್ಲಚ್ಚಿನ ಮೇಲೆ ಅನುಮಾನ. ಎಲ್ಲದರಲ್ಲೂ ಎಗರಿದರೆ ಒತ್ತಡದ ಮೇಲೆ.

ಲಾಕಪ್ ನೋಡಲು ಖಾಲಿ ರಸ್ತೆಯಲ್ಲಿ 80 ಕಿ.ಮೀ. ಆಸುಪಾಸಿನ ಸಮ ವೇಗದಲ್ಲಿ ಹೋಗುತ್ತ, ಎಡಗಾಲಿನಲ್ಲಿ ಬ್ರೇಕನ್ನು ಬ್ರೇಕ್ ಲೈಟ್ ಹೊತ್ತುವಷ್ಟು ಮಾತ್ರ ಸೋಕಿಸಿ. ಆರ್‌ಪಿಎಂ ತುಸು ಏರಿ, ಕಾಲು ತೆಗೆದಾಗ ಮತ್ತೆ ಇಳಿದರೆ ಲಾಕಪ್ ಕೆಲಸ ಮಾಡುತ್ತಿದೆ. ಮುಳ್ಳು ಅಲುಗದಿದ್ದರೆ ಅದು ಮೊದಲಿನಿಂದಲೇ ಹಿಡಿದಿರಲಿಲ್ಲ. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಕೊಡುವ ಸ್ಟಾಲ್ ಪರೀಕ್ಷೆ ಮಾತ್ರ ಮನೆಯಲ್ಲಿ ಬೇಡ, ಕೆಲವೇ ಸೆಕೆಂಡಿನಲ್ಲಿ ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ.

ಅಮೆರಿಕದಲ್ಲಿ 2003–04ರ ವಿ6 ಅಕಾರ್ಡ್, 2002–04ರ ಒಡಿಸ್ಸಿ ಇರುವವರು ಇಷ್ಟರಲ್ಲೇ ಇನ್ನೊಂದು ಕೆಲಸ ಮಾಡಿ. 5 ಗೇರಿನ ಆ ಬಾಕ್ಸಿನಲ್ಲಿ ಎರಡನೇ ಗೇರು ಅತಿಯಾಗಿ ಬಿಸಿಯಾಗಿ ಒಡೆಯುವ ಅಪಾಯವಿತ್ತೆಂದು ಹೋಂಡಾ 2004ರಲ್ಲಿ ಸುಮಾರು 11 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಿತ್ತು. 17 ಅಕ್ಷರದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಕೊಟ್ಟು, ನಿಮ್ಮ ಗಾಡಿಯ ರಿಕಾಲ್ ಬಾಕಿ ಇದೆಯೇ ಎಂದು ಅಲ್ಲಿನ ಹೋಂಡಾ ಡೀಲರನ್ನು ಕೇಳಿ; ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣ ಇಷ್ಟು ಹಳೆಯ ರಿಕಾಲನ್ನು ತೋರಿಸದಿರಬಹುದು.

ಅಳಿಸಿ, ಮತ್ತೆ ನೋಡಿ

ಸರಿಪಡಿಸಿದ ಮೇಲೆಯೇ ಕೋಡ್ ಅಳಿಸಬೇಕು. ಸ್ಕ್ಯಾನರ್ ಇಲ್ಲದ ಹಳೆಯ ಗಾಡಿಯಲ್ಲಿ ಕೀ ಆಫ್ ಮಾಡಿ ‘ಬ್ಯಾಕಪ್’ ಎಂದು ಬರೆದ 7.5 ಆಂಪಿಯರ್ ಫ್ಯೂಸನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಿತ್ತು ಮತ್ತೆ ಹಾಕಿ. ಸ್ಟೀರಿಯೊಕ್ಕೆ ಲಾಕ್ ಕೋಡ್ ಇದ್ದರೆ ಮೊದಲೇ ಕೈಯಲ್ಲಿರಲಿ. ನಂತರ ಫ್ರೀಜ್ ಫ್ರೇಮಿನಲ್ಲಿ ಇದ್ದ ವೇಗ ಮತ್ತು ಶಾಖದಲ್ಲೇ ಓಡಿಸಿ. ಹೆದ್ದಾರಿಯಲ್ಲಿ ಬಿದ್ದ ಕೋಡನ್ನು ಬಡಾವಣೆಯ ಎರಡು ಸುತ್ತು ಹೊಡೆದು “ಬರಲಿಲ್ಲ” ಎನ್ನಲಾಗದು.

ಇಷ್ಟೆಲ್ಲ ಸರಿಯಿದ್ದೂ ಪಿ0730 ಮರಳಿದರೆ, ಅಥವಾ ಡ್ರೇನ್ ಪ್ಲಗ್ಗಿನಲ್ಲಿ ಚೂರು ಕಂಡಿದ್ದರೆ, ಆಗ ಬಾಕ್ಸ್ ಇಳಿಸುವ ಮಾತಿಗೆ ಒಪ್ಪಿ. ಒಪ್ಪುವ ಮುನ್ನ ಗೇಜ್ ಹಾಕಿ ಪ್ರತಿ ಕ್ಲಚ್ಚಿನ ಎಣ್ಣೆಯ ಒತ್ತಡ ಅಳೆದು, ಬಂದ ಅಂಕಿಗಳನ್ನು ಬರೆದುಕೊಡಿ ಎಂದು ಕೇಳಿ; ಬಾಕ್ಸಿನ ಹೊರಮೈಯಲ್ಲಿ ಅದಕ್ಕೆಂದೇ ಪ್ಲಗ್ಗುಗಳಿವೆ. ಓವರ್‌ಹಾಲ್ ಅಂದಾಜಿನಲ್ಲಿ ಟಾರ್ಕ್ ಕನ್ವರ್ಟರ್ ಮತ್ತು ಆಯಿಲ್ ಕೂಲರ್ ಸೇರಿವೆಯೇ ನೋಡಿ. ಹಳೆಯ ಬಾಕ್ಸಿನ ಲೋಹದ ಪುಡಿ ಇವೆರಡರಲ್ಲಿ ಉಳಿದಿರುತ್ತದೆ. ಕೂಲರ್ ತೊಳೆಯದೆ ಅಥವಾ ಬದಲಿಸದೆ ಹೊಸ ಕ್ಲಚ್ ಕೂರಿಸಿದರೆ, ಆ ಪುಡಿ ಎಣ್ಣೆಯೊಂದಿಗೆ ನೇರವಾಗಿ ಹೊಸ ಸೊಲೆನಾಯ್ಡಿಗೆ ಬಂದು ಸೇರುತ್ತದೆ.